ಕ್ಯಾಮೆರಾದೊಳಗೆ ವೈಫೈ, ಜಿಪಿಎಸ್ ಬೇಕೆ? – ಒಂದು ಚರ್ಚಾ ಪಾಠ, ಎರಡು ತರಗತಿಗಳ ಅನುಭವ

ಪೀಠಿಕೆ

ಬೋಧನಾಭ್ಯಾಸದ ಮೂರನೇ ವಾರದಲ್ಲಿ ಒಂಬತ್ತನೇ ತರಗತಿಯ ‘ಎ’ ಮತ್ತು ‘ಬಿ’ ವಿಭಾಗಗಳಿಗೆ ಒಂದು ಚರ್ಚಾ ಪಾಠ ಮಾಡಿದೆ. ‘ಡಿಜಿಟಲ್ ಕ್ಯಾಮೆರಾದೊಳಗೇ ವೈಫೈ ಮತ್ತು ಜಿಪಿಎಸ್ ಇರಬೇಕೆ, ಬೇಡವೆ?’ ಎಂಬುದು ವಿಷಯ. ಎರಡೂ ವಿಭಾಗಗಳಿಗೆ ವಿಷಯ ಒಂದೇ, ಉಪಕರಣವೂ ಒಂದೇ. ಆದರೆ ‘ಎ’ ವಿಭಾಗದಲ್ಲಿ ಪಾಠ ಕೈತಪ್ಪಿತು, ‘ಬಿ’ ವಿಭಾಗದಲ್ಲಿ ಹಿಡಿತಕ್ಕೆ ಬಂತು. ವ್ಯತ್ಯಾಸವಾದದ್ದು ಹಂತಗಳ ಕ್ರಮದಿಂದ. ನನ್ನ ಸಹಪಾಠಿಗಳಿಗೆ ಉಪಯೋಗವಾದೀತೆಂದು ಎರಡನ್ನೂ ಇಲ್ಲಿ ದಾಖಲಿಸಿದ್ದೇನೆ.

ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಗಳು:
1. ಜಿಪಿಎಸ್ ಮತ್ತು ವೈಫೈ ಕೆಲಸ ಮಾಡುವ ಬಗೆಯಲ್ಲಿರುವ ವ್ಯತ್ಯಾಸವನ್ನು ತಿಳಿಸುವರು.
2. ಫೋಟೋ ಕಡತದೊಳಗೆ ದಾಖಲಾಗುವ ಮಾಹಿತಿಯನ್ನು ಗುರುತಿಸುವರು.
3. ಅಕ್ಷಾಂಶದ ದಶಮಾಂಶ ಸ್ಥಾನಗಳಿಗೂ ನೆಲದ ಮೇಲಿನ ದೂರಕ್ಕೂ ಇರುವ ಸಂಬಂಧವನ್ನು ಲೆಕ್ಕ ಹಾಕುವರು.
4. ಕಾರಣ ಕೊಟ್ಟು ತಮ್ಮ ನಿಲುವನ್ನು ಸಮರ್ಥಿಸುವರು.

ಬೋಧನೋಪಕರಣಗಳು: ವೈಫೈ ಮತ್ತು ಜಿಪಿಎಸ್ ಎರಡೂ ಇರುವ ಕ್ಯಾಮೆರಾ (ಮದುವೆ ಫೋಟೋ ತೆಗೆಯುವ ನನ್ನ ಸೋದರಮಾವನಿಂದ ಎರಡು ದಿನಕ್ಕೆ ತಂದದ್ದು), ಮೊಬೈಲ್, ಲ್ಯಾಪ್‌ಟಾಪ್, ಪ್ರೊಜೆಕ್ಟರ್.

‘ಎ’ ವಿಭಾಗ: ಎಡವಿದ ಪಾಠ

ಕ್ಯಾಮೆರಾ ತೋರಿಸಿ, ಐದೇ ನಿಮಿಷದಲ್ಲಿ ತರಗತಿಯನ್ನು ಪರ ಮತ್ತು ವಿರೋಧ ಎಂದು ಎರಡು ಗುಂಪು ಮಾಡಿ ಚರ್ಚೆಗೆ ಬಿಟ್ಟೆ. ‘ಬೇಕು ಮಿಸ್, ಫೋನಲ್ಲಿ ಇದೆಯಲ್ಲ’ ಎಂದಿತು ಒಂದು ಗುಂಪು. ‘ಬೇಡ ಮಿಸ್, ಫೋಟೋ ತೆಗೆದ ತಕ್ಷಣ ಸ್ಯಾಟಲೈಟ್‌ಗೆ ಗೊತ್ತಾಗುತ್ತೆ’ ಎಂದಿತು ಇನ್ನೊಂದು. ಈ ಎರಡು ಮಾತುಗಳೇ ಹಿಂದೆ ಮುಂದೆ ಓಡಾಡಿದವು. ಕ್ಯಾಮೆರಾ ಉಪಗ್ರಹಕ್ಕೆ ಸುದ್ದಿ ಕಳಿಸುತ್ತದೆ ಎಂಬ ತಪ್ಪು ಕಲ್ಪನೆಯನ್ನು ನಾನು ತಿದ್ದಲೂ ಇಲ್ಲ. ಚರ್ಚೆ ಮುಗಿದ ಮೇಲೆ ಹೇಳೋಣ ಎಂದುಕೊಂಡಿದ್ದೆ.

ಗದ್ದಲ ಹೆಚ್ಚಾದಾಗ ಗಮನ ಸೆಳೆಯಲು, ಹಿಂದಿನ ದಿನ ಬಾಡಿಗೆ ಮನೆಯ ಮುಂದೆ ನಾನು ತೆಗೆದಿದ್ದ ದಾಸವಾಳದ ಫೋಟೋ ತೆರೆದೆ. ಅದರ ಅಕ್ಷಾಂಶ, ರೇಖಾಂಶವನ್ನು ನಕ್ಷೆಗೆ ಹಾಕಿ ತೋರಿಸಿದೆ. ಪರದೆಯ ಮೇಲೆ ಅದಿದ್ದದ್ದು ಒಂದು ನಿಮಿಷ ಅಷ್ಟೆ. ಅಂದು ಸಂಜೆ ಇಬ್ಬರು ಹುಡುಗರು ಸೈಕಲ್ಲಿನಲ್ಲಿ ಬಂದು ನನ್ನ ಗೇಟಿನ ಮುಂದೆ ‘ಮಿಸ್, ಸಿಕ್ತು!’ ಎಂದು ಕೂಗಿದರು. ಅವರಿಗೆ ಅದು ಆಟ. ನಾನೂ ನಕ್ಕು ಕಳಿಸಿದೆ. ಆದರೆ ಬಾಗಿಲು ಹಾಕಿಕೊಂಡ ಮೇಲೆ ನೆನಪಾಯಿತು: ‘ನಿಮ್ಮ ಮನೆಯಲ್ಲಿ ತೆಗೆದ ಒಂದು ಫೋಟೋದ ಸ್ಥಾನ ಹುಡುಕಿ, ತರಗತಿಯಲ್ಲಿ ತೋರಿಸಿ’ ಎಂಬ ಗೃಹಕಾರ್ಯವನ್ನು ಮರುದಿನ ಎರಡೂ ವಿಭಾಗಗಳಿಗೆ ಕೊಡುವುದಿತ್ತು. ಪಾಠ ಯೋಜನೆಯಿಂದ ಆ ಸಾಲನ್ನು ಅಂದೇ ಹೊಡೆದುಹಾಕಿದೆ.

ನಮ್ಮ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದಿದ್ದು ಒಂದೇ ಸಾಲು: ‘ಅಭಿಪ್ರಾಯ ಕೇಳಿದಿರಿ, ವಿಷಯ ಕೊಡಲಿಲ್ಲ.’

‘ಬಿ’ ವಿಭಾಗ: ಕ್ರಮ ಬದಲಿಸಿದ ಪಾಠ

ಮರುದಿನ ಚರ್ಚೆಯನ್ನು ಕೊನೆಯ ಹದಿನೈದು ನಿಮಿಷಕ್ಕೆ ಇಟ್ಟು, ಮೊದಲು ಮೂರು ಚಟುವಟಿಕೆ ಮಾಡಿಸಿದೆ.

ಚಟುವಟಿಕೆ 1: ತರಗತಿಯೊಳಗೆ ಜಿಪಿಎಸ್ ಚಾಲೂ ಮಾಡಿದಾಗ ಕ್ಯಾಮೆರಾದ ಪರದೆಯ ಮೇಲಿನ ಗುರುತು ಮಿನುಗುತ್ತಲೇ ಇತ್ತು. ಅಂಗಳಕ್ಕೆ ಒಯ್ದು ಸ್ವಲ್ಪ ಹೊತ್ತು ಕಾದಾಗ ಸ್ಥಿರವಾಯಿತು. ಏಕೆ? ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅಲ್ಲಿಂದ ಬರುವ ರೇಡಿಯೊ ಸಂಕೇತ ಬಹಳ ದುರ್ಬಲ, ಚಾವಣಿ ಅದನ್ನು ತಡೆಯುತ್ತದೆ. ಬೆಳಕಿನ ವೇಗದಲ್ಲಿ ಬರಲು ಅದಕ್ಕೆ ಎಷ್ಟು ಹೊತ್ತು ಬೇಕೆಂದು ಮಕ್ಕಳೇ ಲೆಕ್ಕ ಹಾಕಿದರು: ಸುಮಾರು 0.067 ಸೆಕೆಂಡು. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಕ್ಯಾಮೆರಾ ತನ್ನ ಸ್ಥಾನವನ್ನು ತಾನೇ ಲೆಕ್ಕ ಹಾಕುತ್ತದೆ. ಉಪಗ್ರಹಕ್ಕೆ ಅದು ಏನನ್ನೂ ಕಳಿಸುವುದಿಲ್ಲ.

ಚಟುವಟಿಕೆ 2: ಅಂಗಳದ ಧ್ವಜಸ್ತಂಭದ ಫೋಟೋವನ್ನು ನಾಲ್ಕು ಬಗೆಯಲ್ಲಿ ತೆಗೆದು ಕಪ್ಪುಹಲಗೆಯ ಮೇಲೆ ಫಲಿತಾಂಶ ಬರೆದೆವು.

ಜಿಪಿಎಸ್ ಇಲ್ಲ, ವೈಫೈ ಇಲ್ಲ – ಸ್ಥಾನ ದಾಖಲಾಗಲಿಲ್ಲ, ಫೋಟೋ ಹೊರಗೆ ಹೋಗಲಿಲ್ಲ.
ಜಿಪಿಎಸ್ ಇದೆ, ವೈಫೈ ಇಲ್ಲ – ಸ್ಥಾನ ದಾಖಲಾಯಿತು, ಫೋಟೋ ಹೊರಗೆ ಹೋಗಲಿಲ್ಲ.
ಜಿಪಿಎಸ್ ಇಲ್ಲ, ವೈಫೈ ಇದೆ – ಸ್ಥಾನವಿಲ್ಲದೆ ಫೋಟೋ ಮೊಬೈಲಿಗೆ ಹೋಯಿತು.
ಎರಡೂ ಇವೆ – ಫೋಟೋದ ಜೊತೆ ಸ್ಥಾನವೂ ಹೋಯಿತು.

ಸ್ಥಾನ, ದಿನಾಂಕ, ಸಮಯ ಇವೆಲ್ಲ ಫೋಟೋ ಕಡತದೊಳಗಿನ ‘ಎಕ್ಸಿಫ್’ ಎಂಬ ಭಾಗದಲ್ಲಿ ಕೂರುತ್ತವೆ. ‘ಹಾಗಾದ್ರೆ ಒಂದು ಬರೆಯೋದು, ಇನ್ನೊಂದು ಸಾಗಿಸೋದು ಮಿಸ್’ ಎಂದಳು ಒಬ್ಬ ಹುಡುಗಿ. ನಾನು ಹೇಳಬೇಕೆಂದಿದ್ದ ವಿವರಣೆಗಿಂತ ಅದು ಸ್ಪಷ್ಟವಾಗಿತ್ತು.

ಚಟುವಟಿಕೆ 3: ಒಂದು ಡಿಗ್ರಿ ಅಕ್ಷಾಂಶ ಎಂದರೆ ನೆಲದ ಮೇಲೆ ಸುಮಾರು 111 ಕಿ.ಮೀ. ದಶಮಾಂಶದ ನಂತರ ಎರಡು ಅಂಕಿ ಇದ್ದರೆ ಸುಮಾರು 1.1 ಕಿ.ಮೀ., ನಾಲ್ಕಿದ್ದರೆ 11 ಮೀಟರ್. ಎರಡು ಅಂಕಿ ಊರನ್ನು ಹೇಳುತ್ತದೆ, ನಾಲ್ಕು ಅಂಕಿ ಮನೆಯನ್ನು ಹೇಳುತ್ತದೆ ಎಂದು ಮಕ್ಕಳು ತೀರ್ಮಾನಿಸಿದರು.

ಚರ್ಚೆ

ಹಿನ್ನೆಲೆಯಾಗಿ ಕೆಲವು ಸಂಗತಿ ಕೊಟ್ಟೆ. ನಿಕಾನ್ ಕೂಲ್‌ಪಿಕ್ಸ್ ಪಿ1 ಕ್ಯಾಮೆರಾದಲ್ಲಿ 2005ರಲ್ಲೇ ವೈಫೈ ಇತ್ತು. 2008ರ ಪಿ6000ದಲ್ಲಿ ಜಿಪಿಎಸ್ ಬಂತು. 2012ರ ಕ್ಯಾನನ್ ಇಒಎಸ್ 6ಡಿಯಲ್ಲಿ ಎರಡೂ ಇದ್ದವು. ಈಗಿನ ಹಲವು ಕ್ಯಾಮೆರಾಗಳು ಬ್ಲೂಟೂತ್ ಮೂಲಕ ಫೋನಿನಿಂದ ಸ್ಥಾನ ಪಡೆಯುತ್ತವೆ. 2012ರ ಡಿಸೆಂಬರಿನಲ್ಲಿ ತಲೆಮರೆಸಿಕೊಂಡಿದ್ದ ಉದ್ಯಮಿ ಜಾನ್ ಮೆಕಾಫೆ ಗ್ವಾಟೆಮಾಲಾದಲ್ಲಿರುವುದು ಬಯಲಾದದ್ದು, ಪತ್ರಿಕೆಯೊಂದು ಪ್ರಕಟಿಸಿದ ಫೋಟೋದ ಎಕ್ಸಿಫ್ ಮಾಹಿತಿಯಿಂದ. ಆ ಫೋಟೋ ತೆಗೆದದ್ದು ಮೊಬೈಲಿನಲ್ಲಿ.

ಈ ಸಲ ವಾದಗಳಿಗೆ ಆಧಾರವಿತ್ತು. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಅಪ್ಪ ಹೊಲದ ಫೋಟೋ ಹೊಲದಲ್ಲೇ ನಿಂತು ತೆಗೆಯಬೇಕು, ಸ್ಥಾನವಿಲ್ಲದಿದ್ದರೆ ಅದು ಯಾರ ಹೊಲವೋ ಎಂದ ಒಬ್ಬ. ಹಕ್ಕಿಗೂಡಿನ ಫೋಟೋಗೆ ಸ್ಥಾನವಿದ್ದರೆ ಬೇಟೆಗಾರನಿಗೆ ದಾರಿ ತೋರಿಸಿದಂತೆ ಎಂದಳು ಇನ್ನೊಬ್ಬಳು. ಛತ್ರದಿಂದಲೇ ಫೋಟೋ ಕಳಿಸಲು ಮಾವನಿಗೆ ವೈಫೈ ಸಾಕು, ಜಿಪಿಎಸ್ ಹಾಕಿಟ್ಟರೆ ಬ್ಯಾಟರಿ ಬೇಗ ಖಾಲಿ ಎಂದು ನಾನೂ ಸೇರಿಸಿದೆ. ಕೊನೆಗೆ ತರಗತಿ ಒಪ್ಪಿದ ಮಾತು: ಎರಡೂ ಇರಲಿ, ಆದರೆ ಕೊಳ್ಳುವಾಗ ಎರಡೂ ಆಫ್ ಆಗಿರಬೇಕು. ಬೇಕಾದವರು ಚಾಲೂ ಮಾಡಿಕೊಳ್ಳಲಿ. ಮೂವರು ಇದನ್ನು ಒಪ್ಪಲಿಲ್ಲ. ಕಳ್ಳತನವಾದ ಕ್ಯಾಮೆರಾ ಹುಡುಕಲು ಜಿಪಿಎಸ್ ಸದಾ ಇರಬೇಕು ಎಂಬುದು ಅವರ ವಾದ. ‘ಬರೆಯೋದು ಮಾತ್ರ ಅಲ್ವಾ, ಕಳಿಸೋದು ಯಾರು?’ ಎಂದು ಹಿಂದಿನ ಬೆಂಚಿನಿಂದಲೇ ಉತ್ತರ ಬಂತು.

ಮೌಲ್ಯಮಾಪನ

‘ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳಿಸಿದರೆ ಸ್ಥಾನವೂ ಹೋಗುತ್ತದೆಯೆ?’ ಎಂದು ಕೇಳಿ, ಧ್ವಜಸ್ತಂಭದ ಫೋಟೋದಿಂದಲೇ ಪರೀಕ್ಷಿಸಿದೆವು. ಮಾಮೂಲಿ ಫೋಟೋ ಆಗಿ ಕಳಿಸಿದಾಗ ಎಕ್ಸಿಫ್ ಕಳಚಿಹೋಯಿತು, ಡಾಕ್ಯುಮೆಂಟ್ ಆಗಿ ಕಳಿಸಿದಾಗ ಉಳಿಯಿತು. ಗೃಹಕಾರ್ಯವೂ ಅದೇ ಫೋಟೋ ಮೇಲೆ: ಅದರ ಅಕ್ಷಾಂಶವನ್ನು ಎರಡು, ಮೂರು, ನಾಲ್ಕು ಅಂಕಿಗಳಿಗೆ ಸರಿಹೊಂದಿಸಿ, ಪ್ರತಿ ಸಲವೂ ಎಷ್ಟು ದೂರದ ವ್ಯತ್ಯಾಸ ಬರಬಹುದು ಎಂದು ಬರೆಯುವುದು.

ಆತ್ಮಾವಲೋಕನ

1. ತಂತ್ರಜ್ಞಾನದ ಬಗ್ಗೆ ಚರ್ಚೆ ಇಡುವ ಮೊದಲು ಅದು ಕೆಲಸ ಮಾಡುವ ಬಗೆಯನ್ನು ಮಕ್ಕಳು ಕೈಯಾರೆ ಕಾಣಬೇಕು. ತಪ್ಪು ಕಲ್ಪನೆಯ ಮೇಲೆ ಕಟ್ಟಿದ ವಾದವನ್ನು ಆಮೇಲೆ ತಿದ್ದುವುದು ಕಷ್ಟ.
2. ಸ್ಥಾನ ತೋರಿಸುವ ಪಾಠಕ್ಕೆ ಎಲ್ಲರಿಗೂ ಗೊತ್ತಿರುವ ಸಾರ್ವಜನಿಕ ಜಾಗದ ಫೋಟೋ ಮಾತ್ರ ಬಳಸಬೇಕು. ನನ್ನ ಮನೆ ಗೊತ್ತಾದದ್ದರಿಂದ ನನಗೇನೂ ಆಗಲಿಲ್ಲ. ಆದರೆ ಆ ಗೃಹಕಾರ್ಯ ಕೊಟ್ಟಿದ್ದರೆ ಎರಡು ತರಗತಿಗಳ ಮಕ್ಕಳ ಮನೆಗಳು ಪರದೆಯ ಮೇಲೆ ಬರುತ್ತಿದ್ದವು. ಅದಕ್ಕೆ ಅವರ ತಂದೆ ತಾಯಿಯ ಒಪ್ಪಿಗೆ ಕೇಳಬೇಕೆಂಬುದು ನನ್ನ ಯೋಜನೆಯಲ್ಲಿ ಎಲ್ಲೂ ಇರಲಿಲ್ಲ.
3. ‘ಎ’ ವಿಭಾಗಕ್ಕೆ ಮೂರೂ ಚಟುವಟಿಕೆಗಳನ್ನು ಶನಿವಾರ ಮತ್ತೆ ಮಾಡಿದೆ. ಸೈಕಲ್ಲಿನ ಇಬ್ಬರಿಗೆ ಕ್ಯಾಮೆರಾ ಹಿಡಿಯುವ ಕೆಲಸ ಕೊಟ್ಟೆ. ಫೋಟೋ ತೆಗೆಯುವ ಮೊದಲು ಒಬ್ಬ ಕೇಳಿದ: ‘ಮಿಸ್, ಜಿಪಿಎಸ್ ಹಾಕ್ಲಾ, ಬೇಡ್ವಾ?’