ಬೆನ್ನುಹುರಿಯ ಗಾಯ: ಮನಸ್ಸಿಗೂ ಚಿಕಿತ್ಸೆ ಬೇಕು

ಪ್ರಥಮ ಪಿಯುಸಿಯ ಜೀವಶಾಸ್ತ್ರದಲ್ಲಿ ನರಮಂಡಲದ ಪಾಠವನ್ನು ನಾವೆಲ್ಲ ಓದಿದ್ದೇವೆ. ಬೆನ್ನುಹುರಿಯ ಉದ್ದ ಸುಮಾರು 45 ಸೆಂಟಿಮೀಟರ್, ಅದರಿಂದ ಹೊರಡುವ ನರಗಳು 31 ಜೊತೆ. ಹುರಿಗೆ ಪೆಟ್ಟು ಬಿದ್ದರೆ ಅದರ ಕೆಳಗಿನ ಭಾಗದಲ್ಲಿ ಚಲನೆ, ಸ್ಪರ್ಶ, ಮಲಮೂತ್ರದ ಹತೋಟಿ ತಪ್ಪಬಹುದು. ಆಗ ಆ ವ್ಯಕ್ತಿಯ ಮನಸ್ಸಿಗೆ ಏನಾಗುತ್ತದೆ? ಅದಕ್ಕೆ ಚಿಕಿತ್ಸೆ ಇದೆಯೇ? ಈ ಬಗ್ಗೆ ನಾನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಈ ವಿಷಯ ನಮಗೆ ದೂರದ್ದಲ್ಲ. ಹೊನ್ನಾವರ, ಕುಮಟಾ ಕಡೆಯ ತೋಟಗಳಲ್ಲಿ ಕೊನೆಗೌಡರು ಎತ್ತರದ ಅಡಿಕೆ ಮರ ಹತ್ತುತ್ತಾರೆ. ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಮಳೆಗಾಲದಲ್ಲೂ ಜಾರುವ ಮರವನ್ನೇ ಹತ್ತಬೇಕು. ಭಟ್ಕಳದಿಂದ ಕುಮಟಾದವರೆಗೆ ಹೆದ್ದಾರಿಯಲ್ಲಿ ಬೈಕ್ ಓಡಿಸುವವರಲ್ಲಿ ನಮ್ಮ ವಯಸ್ಸಿನವರೇ ಬಹಳ. ಮರದಿಂದ ಬಿದ್ದವರನ್ನೂ ರಸ್ತೆಯಲ್ಲಿ ಗಾಯಗೊಂಡವರನ್ನೂ ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಗೆ ಒಯ್ಯುತ್ತಾರೆ. ಶಸ್ತ್ರಚಿಕಿತ್ಸೆ ಮುಗಿದು ಮನೆಗೆ ಬಂದ ಮೇಲೆ ನೋಡಲು ಬಂದವರೆಲ್ಲ ಕೇಳುವುದು, "ಯಾವಾಗ ಎದ್ದು ನಡೆಯುತ್ತೀಯ?" ಎಂದೇ. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳುವವರು ಕಡಿಮೆ.

ಕಳೆದುಕೊಂಡದ್ದಕ್ಕಾಗಿ ದುಃಖಪಡುವುದು ಸಹಜ, ಅದು ಕಾಯಿಲೆಯಲ್ಲ. ಆದರೆ ಬಿದ್ದ ಕ್ಷಣ ಪದೇ ಪದೇ ಕಣ್ಣಮುಂದೆ ಬರುವುದು, ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ಆ ಜಾಗದ ಹೆಸರೆತ್ತಿದರೂ ತಪ್ಪಿಸಿಕೊಳ್ಳುವುದು – ಇವು ಒಂದು ತಿಂಗಳು ದಾಟಿಯೂ ಉಳಿದು ದಿನನಿತ್ಯದ ಬದುಕನ್ನು ಕೆಡಿಸಿದರೆ ಅದು ಆಘಾತೋತ್ತರ ಒತ್ತಡದ ಕಾಯಿಲೆ ಇರಬಹುದು. ಖಿನ್ನತೆ ಬೇರೆಯದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬೆನ್ನುಹುರಿಗೆ ಗಾಯವಾದವರಲ್ಲಿ ಶೇ. 20ರಿಂದ 30ರಷ್ಟು ಜನರಲ್ಲಿ ಅದರ ಗಂಭೀರ ಲಕ್ಷಣಗಳಿರುತ್ತವೆ.

ಮನಸ್ಸು ಕುಸಿದರೆ ದೇಹವೂ ಕೆಡುತ್ತದೆ. ಸ್ಪರ್ಶಜ್ಞಾನವಿಲ್ಲದ ಚರ್ಮಕ್ಕೆ ಹಾಸಿಗೆ ಹುಣ್ಣಾಗದಂತೆ ಆಗಾಗ ಮಗ್ಗಲು ಬದಲಿಸಬೇಕು, ನೀರು ಕುಡಿಯಬೇಕು, ಹೊತ್ತಿಗೆ ಸರಿಯಾಗಿ ಮೂತ್ರ ತೆಗೆಯಬೇಕು. "ಇನ್ನೇನು ಉಳಿದಿದೆ" ಎಂದು ಕೈಚೆಲ್ಲಿದವರು ಇದನ್ನೆಲ್ಲ ಬಿಟ್ಟುಬಿಡುತ್ತಾರೆ. ಆಮೇಲೆ ಬರುವ ಹುಣ್ಣು, ಸೋಂಕು ಪ್ರಾಣಕ್ಕೇ ಅಪಾಯ. ಆದ್ದರಿಂದ ಮನಸ್ಸಿನ ಚಿಕಿತ್ಸೆಯನ್ನು ಆಮೇಲೆ ನೋಡೋಣ ಎಂದು ಮುಂದೂಡಬಾರದು.

ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಮನಶ್ಶಾಸ್ತ್ರಜ್ಞರೊಂದಿಗಿನ ಮಾತುಕತೆ. "ನಾನು ಮನೆಗೆ ಭಾರ" ಎಂಬಂಥ ಯೋಚನೆಯನ್ನು ರೋಗಿಯೇ ಪರೀಕ್ಷಿಸಿ ನೋಡಲು ಅವರು ಕಲಿಸುತ್ತಾರೆ. ಭಯವನ್ನು ಹಂತಹಂತವಾಗಿ ಎದುರಿಸುವ ಕ್ರಮವೂ ಇದೆ. ಮರದಿಂದ ಬಿದ್ದವರು ಮೊದಲು ತೋಟದ ಚಿತ್ರ ನೋಡಬಹುದು, ಕೆಲವು ದಿನಗಳ ನಂತರ ದಣಪೆಯವರೆಗೆ ಹೋಗಬಹುದು, ಆಮೇಲೆ ಅದೇ ಮರದ ಬುಡಕ್ಕೆ. ಇದನ್ನು ತಜ್ಞರ ಮಾರ್ಗದರ್ಶನದಲ್ಲೇ ಮಾಡಬೇಕು. ಅಗತ್ಯವಿದ್ದರೆ ಮನೋವೈದ್ಯರು ಔಷಧಿಯನ್ನೂ ಕೊಡುತ್ತಾರೆ. ಇಂಥದ್ದೇ ಗಾಯವಾಗಿ ಗಾಲಿಕುರ್ಚಿಯಲ್ಲಿ ಬದುಕು ಕಟ್ಟಿಕೊಂಡವರೊಬ್ಬರು ಬಂದು ಮಾತಾಡಿದರೆ ಅದು ಬೇರೆಯೇ ಧೈರ್ಯ.

ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ 1944ರಿಂದ ಇಂಥ ರೋಗಿಗಳಿಗೆ ಕೆಲಸ, ಆಟಗಳನ್ನೂ ಚಿಕಿತ್ಸೆಯ ಭಾಗವಾಗಿ ಕೊಟ್ಟರು. 1948ರಲ್ಲಿ ಅಲ್ಲಿ 16 ಮಂದಿಯೊಂದಿಗೆ ನಡೆದ ಬಿಲ್ಲುಗಾರಿಕೆ ಸ್ಪರ್ಧೆಯೇ ಮುಂದೆ ಪ್ಯಾರಾಲಿಂಪಿಕ್ಸ್‌ಗೆ ನಾಂದಿಯಾಯಿತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಪುನರ್ವಸತಿ ವಿಭಾಗವಿದೆ. 1959ರಲ್ಲಿ ಎನ್. ಎಸ್. ಹೇಮಾ ಸ್ಥಾಪಿಸಿದ ಎಪಿಡಿ ಸಂಸ್ಥೆಯೂ ಬೆನ್ನುಹುರಿ ಗಾಯಾಳುಗಳ ಪುನರ್ವಸತಿಗೆ ಕೆಲಸ ಮಾಡುತ್ತಿದೆ. ಬೆಂಗಳೂರು ದೂರವೆನಿಸಿದರೆ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಸೇವೆ ಇದು.

ಗೆಳೆಯರೇ, ಗಾಯಗೊಂಡವರನ್ನು ನೋಡಲು ಹೋದಾಗ ಕೆಲವರು "ಸಬರ್ ಮಾಡು" ಎನ್ನುತ್ತಾರೆ, ಕೆಲವರು "ಹಣೆಬರಹ" ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರೂ ಎದುರಿನವರ ಮಾತು ಅಲ್ಲಿಗೇ ನಿಂತುಹೋಗಬಹುದು. ತಾಳ್ಮೆಗೂ ಚಿಕಿತ್ಸೆಗೂ ವಿರೋಧವಿಲ್ಲ. ನಾವು ಕಡಿಮೆ ಮಾತಾಡಿ ಹೆಚ್ಚು ಕೇಳೋಣ. ಅಪಘಾತದ ಕಥೆಯನ್ನು ಒತ್ತಾಯಿಸಿ ಹೇಳಿಸುವುದು ಬೇಡ. ಸಹಪಾಠಿಯಾಗಿದ್ದರೆ ನೋಟ್ಸ್ ಮುಟ್ಟಿಸೋಣ, ಅವರು ಮರಳಿ ಬರುವ ಮೊದಲೇ ತರಗತಿಯನ್ನು ನೆಲಮಹಡಿಗೆ ಬದಲಾಯಿಸುವಂತೆ ಪ್ರಾಂಶುಪಾಲರನ್ನು ಕೇಳೋಣ. "ಬದುಕಿ ಏನು ಪ್ರಯೋಜನ" ಎಂಬ ಮಾತು ಅವರಿಂದ ಬಂದರೆ ಅದನ್ನು ಗುಟ್ಟಾಗಿಡದೆ, ಅವರನ್ನು ಒಂಟಿಯಾಗಿ ಬಿಡದೆ, ಅಂದೇ ಮನೆಯ ಹಿರಿಯರಿಗೂ ವೈದ್ಯರಿಗೂ ತಿಳಿಸೋಣ.