ನಿನ್ನ ಸೀಮೆಯ ಮಾತು ಬಿಡಬೇಡ, ಕೂಸೇ

ಕೂಸೇ, ನಂಜನಗೂಡಿನ ಛತ್ರಗಳಲ್ಲಿ ಆರತಕ್ಷತೆಯ ನಿರೂಪಣೆ, ತಿ. ನರಸೀಪುರದ ಕಡೆ ಗಣೇಶನ ಪೆಂಡಾಲಿನಲ್ಲಿ ಕಾಮಿಡಿ ಸ್ಕಿಟ್ಟು, ನಡುನಡುವೆ ಊರ ನಾಟಕದ ಹಾಸ್ಯ ಪಾತ್ರ ಅಂತ ನೀನು ಓಡಾಡುವುದನ್ನು ನೋಡುತ್ತಲೇ ಇದ್ದೇನೆ. ಟೀವಿಯ ಆಡಿಷನ್ನಿಗೂ ಹೋಗುತ್ತೀಯಂತೆ. ಸಂತೋಷ, ಹೋಗು. ಆದರೆ ಅದಕ್ಕಾಗಿ ಮಾತಿನ ಧಾಟಿ ಬದಲಿಸಿಕೊಳ್ಳುತ್ತಿದ್ದೀಯ ಅಂತ ಕೇಳಿ ಮನಸ್ಸಿಗೆ ಕಸಿವಿಸಿಯಾಯಿತು.

ಉಮಾಶ್ರೀ ಅವರನ್ನೇ ನೋಡು. ಸಿನಿಮಾದಲ್ಲಿ ಅವರಿಗೆ ವರ್ಷಗಟ್ಟಲೆ ಬಂದದ್ದು ಹೆಚ್ಚಾಗಿ ಹಾಸ್ಯ ಪಾತ್ರಗಳೇ. ಅದರಲ್ಲೂ ಎರಡರ್ಥದ ಮಾತುಗಳು ಬಹಳ. ಅದೇ ಕಲಾವಿದೆ ರಂಗದ ಮೇಲೆ 'ಒಡಲಾಳ'ದ ಸಾಕವ್ವ ಆದಾಗ ನೋಡಿದವರು ಬೆರಗಾದರು. ಕತೆ ನಿಮ್ಮ ನಂಜನಗೂಡು ತಾಲ್ಲೂಕಿನ ದೇವನೂರಿನವರೇ ಆದ ದೇವನೂರ ಮಹಾದೇವ ಅವರದು, ರಂಗಕ್ಕೆ ತಂದವರು ಸಿ.ಜಿ. ಕೃಷ್ಣಸ್ವಾಮಿ. ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಹುಡುಕುವ ಮುದುಕಿ ಸಾಕವ್ವ. ಕದ್ದು ತಂದ ಕಡಲೆಕಾಯಿಯನ್ನು ಹಸಿದ ಮನೆಯವರೆಲ್ಲ ಸುತ್ತ ಕೂತು ರಾತ್ರಿಯೆಲ್ಲ ತಿಂದು ಮುಗಿಸುವುದು, ಬೆಳಗ್ಗೆ ಪೊಲೀಸರು ಬಂದು ಜಾಲಾಡುವುದು. ಅಲ್ಲಿ ಜನ ನಗುತ್ತಾರೆ, ನಗುನಗುತ್ತಲೇ ಗಂಟಲು ಕಟ್ಟುತ್ತದೆ. ಉಮಾಶ್ರೀ ಹುಟ್ಟಿದ್ದು ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ನಿಮ್ಮ ಸೀಮೆಯ ನುಡಿಯನ್ನು ಅವರು ಕಲಿತು ನಾಲಿಗೆಗೆ ತಂದುಕೊಳ್ಳಬೇಕಾಯಿತು. ನಿನಗದು ತಾಯಿ ಹಾಲಿನ ಜೊತೆಗೇ ಬಂದಿದೆ. ಅದೇ ನುಡಿಯಲ್ಲಿ ಬರೆದ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 'ಗುಲಾಬಿ ಟಾಕೀಸ್' ಚಿತ್ರದ ಅಭಿನಯಕ್ಕೆ ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಹಾಸ್ಯದವಳು ಹಾಸ್ಯಕ್ಕಷ್ಟೇ ಲಾಯಕ್ಕು ಅನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಹಾಗಂತ ಹಳ್ಳಿ ಮಾತು ಆಡಿದ ಕೂಡಲೇ ಹಾಸ್ಯವಾಗುವುದಿಲ್ಲ. ಸೀರೆ ಮೇಲಕ್ಕೆ ಸಿಕ್ಕಿಸಿ, ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡು, ಏನೂ ತಿಳಿಯದ ಪೆದ್ದಿಯ ಹಾಗೆ ಕಣ್ಣು ಬಿಟ್ಟರೆ ಜನ ನಗಬಹುದು. ಆದರೆ ಆ ಪೆದ್ದಿ ಎಲ್ಲಿದ್ದಾಳೆ? ನಾನಂತೂ ಕಂಡಿಲ್ಲ. ಕಪಿಲಾ ನದಿಯ ಸೋಪಾನಕಟ್ಟೆಗೆ ಹೋಗಿ ಒಂದು ಬೆಳಗ್ಗೆ ಸುಮ್ಮನೆ ಕೂತುಕೋ. ಮೊಮ್ಮಗುವಿನ ಮುಡಿ ಕೊಡಿಸಲು ಬಂದ ಅಜ್ಜಿ ಒಂದೇ ಉಸಿರಿಗೆ ಕ್ಷೌರದವನನ್ನು ಗದರಿ, ಸೊಸೆಗೆ ಚುಚ್ಚಿ, ಹರಕೆ ತೀರಿಸಲು ಇಷ್ಟು ವರ್ಷ ಕಾಯಿಸಿದೆಯಲ್ಲೋ ಅಂತ ನಂಜುಂಡನಿಗೂ ಒಂದು ಮಾತು ಅಂದು, ಅಳುವ ಕೂಸಿನ ಬಾಯಿಗೆ ಬಾಳೆಹಣ್ಣು ತುರುಕುತ್ತಾಳೆ. ಅವಳಿಗೆ ಗೊತ್ತಿಲ್ಲದ್ದು ಏನಿದೆ? ಅವಳ ಕೈ ಯಾವಾಗ ಸೊಂಟಕ್ಕೆ ಹೋಗುತ್ತದೆ, ಮಾತು ಎಲ್ಲಿ ನಿಲ್ಲುತ್ತದೆ ಅಂತ ನೋಡಿಕೋ. ಕಪ್ಪು ಬಣ್ಣ, ದಪ್ಪ ಮೈ, ಹೆಣ್ಣು ವೇಷದ ಗಂಡಸು, ಯಾರದ್ದೋ ಜಾತಿಯ ಮಾತು: ಇವುಗಳ ಮೇಲೆ ಹೊಡೆಯುವ ಜೋಕು ನಿನ್ನ ಕೈಗೆ ಬಂದರೆ ಬರೆದವರಿಗೇ ವಾಪಸ್ಸು ಕೊಡು. ಆ ದಿನದ ಅವಕಾಶ ತಪ್ಪಿದರೂ ಚಿಂತೆಯಿಲ್ಲ.

ಇನ್ನು ಹೊಟ್ಟೆಪಾಡಿನ ಮಾತು. ನಮ್ಮ ಕಡೆಯ ಪೌರಾಣಿಕ ನಾಟಕ ಗೊತ್ತಲ್ಲ: ಊರ ಗಂಡಸರೇ ಭೀಮ, ದುರ್ಯೋಧನ, ದ್ರೌಪದಿಗೆ ಮಾತ್ರ ಹೊರಗಿನಿಂದ ನಟಿ. ನಾಟಕ ರಂಗೇರಿದ ಹೊತ್ತಿಗೆ ಹಾರ್ಮೋನಿಯಂ ನಿಲ್ಲುತ್ತದೆ, ಮೈಕಿನಲ್ಲಿ ಯಾರದ್ದೋ ಹೆಸರು ಕೂಗುತ್ತಾರೆ, ಆತ ಕುಡಿದ ಕಣ್ಣಲ್ಲಿ ನೋಟು ಹಿಡಿದು ಮೇಲೆ ಹತ್ತುತ್ತಾನೆ. ನನಗೂ ಆಗಿದೆ ಇದು. ಎರಡು ಹೆಜ್ಜೆ ಹಿಂದೆ ಸರಿದು, ಕೈಮುಗಿದು, ಹಣವನ್ನು ಹಾರ್ಮೋನಿಯಂ ಮೇಲೆ ಇಡಿ ಅಂತ ಮೈಕಿನಲ್ಲೇ ಹೇಳಿಬಿಡು. ಮೈಕಿನಲ್ಲಿ ಹೇಳಿದ ಮಾತಿಗೆ ಊರೇ ಸಾಕ್ಷಿ. ವೀಳ್ಯ ತೆಗೆದುಕೊಳ್ಳುವಾಗಲೇ ಅರ್ಧ ದುಡ್ಡು, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ, ರಾತ್ರಿ ಮನೆ ಮುಟ್ಟಿಸುವ ಗಾಡಿ, ಇವು ಮೂರನ್ನೂ ಕೇಳು. ಈವೆಂಟಿನವರ ಹತ್ತಿರವೂ ಅಷ್ಟೇ. ವಾಟ್ಸಾಪಿನಲ್ಲಿ ಬರೆಸಿಕೋ. ಸಂಕೋಚ ಪಟ್ಟುಕೊಂಡು ನಾವೆಲ್ಲ ಬಹಳ ಕಳೆದುಕೊಂಡೆವು.

ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಹೆಂಗಸರನ್ನೇ ಕಟ್ಟಿಕೊಂಡು ಸ್ತ್ರೀ ನಾಟಕ ಮಂಡಳಿ ಶುರುಮಾಡಿದರು. ಕಂಸನೂ ಅವರೇ, ಕಂಪನಿಯ ಯಜಮಾನಿಯೂ ಅವರೇ. 2012ರಲ್ಲಿ ಪದ್ಮಶ್ರೀ ಬಂತು. ನೀನೂ ಒಂದಲ್ಲ ಒಂದು ದಿನ ನಿನ್ನ ಓರಗೆಯ ನಾಲ್ಕು ಹೆಣ್ಣುಮಕ್ಕಳನ್ನು ಸೇರಿಸಿ ಸ್ವಂತ ತಂಡ ಕಟ್ಟಬೇಕು ಅನ್ನುವುದು ನನ್ನ ಆಸೆ. ಅಲ್ಲಿಯವರೆಗೆ ಕೈಯಲ್ಲಿ ಕಾಸಿರಬೇಕು: ಆಷಾಢದಲ್ಲಿ ಮದುವೆಯಿಲ್ಲ, ಧನುರ್ಮಾಸದಲ್ಲೂ ಇಲ್ಲ. ಆ ತಿಂಗಳುಗಳಿಗೆ ಅಂತಲೇ ಸುಗ್ಗಿಯ ದುಡ್ಡಿನಲ್ಲಿ ಒಂದಿಷ್ಟು ಪೋಸ್ಟಾಫೀಸಿಗೆ ಹಾಕು. ಕರಪತ್ರ, ಆಹ್ವಾನ ಪತ್ರಿಕೆ, ಫೋಟೊ ಒಂದನ್ನೂ ಎಸೆಯಬೇಡ, ಹಿಂದೆ ತಾರೀಕು ಬರೆದು ಟ್ರಂಕಿನಲ್ಲಿಡು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಕಲಾಸೇವೆಗೆ ದಾಖಲೆ ತೋರಿಸು ಅಂದಾಗ ಬರಿಗೈಯಲ್ಲಿ ನಿಂತ ಎಷ್ಟೋ ನಟಿಯರನ್ನು ನಾನು ಬಲ್ಲೆ.

ಸುತ್ತೂರು ಜಾತ್ರೆಗೆ ಹೋಗು, ಅಲ್ಲಿ ನಾಟಕಗಳಿರುತ್ತವೆ. ಫೋನು ಚೀಲದಲ್ಲಿಟ್ಟು, ರಂಗದ ಕಡೆ ಅಲ್ಲ, ಚಾಪೆ ಹಾಸಿ ಕೂತ ಹೆಂಗಸರ ಕಡೆ ಮುಖ ಮಾಡಿ ಕೂತುಕೋ. ಅವರು ಯಾವ ಮಾತಿಗೆ ನಕ್ಕರು, ಯಾವ ಮಾತಿಗೆ ಸೆರಗು ಬಾಯಿಗೆ ಹಿಡಿದು ಪಕ್ಕಕ್ಕೆ ತಿರುಗಿದರು ಅಂತ ನೋಡಿಕೊಂಡು ಬಂದು ನನಗೆ ಹೇಳು.