‘ಸೊನ್ನೆ’ ಎಂದು ಬರೆದ ಕರೆಂಟ್: ಆಪ್-ಆಂಪ್ ಪಾಠದ ಒಂದು ಅನುಭವ

ದ್ವಿತೀಯ ಪಿಯುಸಿ ಎಲೆಕ್ಟ್ರಾನಿಕ್ಸ್ ತರಗತಿಗೆ ಆಪರೇಷನಲ್ ಆಂಪ್ಲಿಫೈಯರ್ ಕುರಿತು ಮಾಡಿದ್ದು ನನ್ನ ಬೋಧನಾಭ್ಯಾಸದ ಆರನೆಯ ಪಾಠ. ಆದರ್ಶ ಆಪ್-ಆಂಪ್‌ನ ಗುಣಲಕ್ಷಣಗಳು, ನಾನ್-ಇನ್ವರ್ಟಿಂಗ್ ಆಂಪ್ಲಿಫೈಯರ್‌ನ ಸೂತ್ರ, ಕೊನೆಯ ಹತ್ತು ನಿಮಿಷ ಪ್ರಾತ್ಯಕ್ಷಿಕೆ ಎಂದು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದೆ. ಕಪ್ಪುಹಲಗೆಯ ಮೇಲೆ ‘ಇನ್‌ಪುಟ್ ಕರೆಂಟ್ = 0’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಬ್ರೆಡ್‌ಬೋರ್ಡ್ ಮೇಲೆ 741 ಐಸಿ, ಎರಡು 9 ವೋಲ್ಟ್ ಬ್ಯಾಟರಿ. ಫೀಡ್‌ಬ್ಯಾಕ್‌ಗೆ 100 ಕಿಲೋಓಮ್, ಗ್ರೌಂಡ್‌ಗೆ 10 ಕಿಲೋಓಮ್. ಅಂದರೆ ಗೇನ್ 11. ಹಿಂದಿನ ದಿನ ಇದು ಚೆನ್ನಾಗಿಯೇ ಕೆಲಸ ಮಾಡಿತ್ತು. ಆದರೆ ಶಾಲೆಯ ಸಿಗ್ನಲ್ ಜನರೇಟರ್‌ನಿಂದ ಸ್ವಲ್ಪ ಡಿಸಿಯೂ ಬರುತ್ತಿದ್ದುದರಿಂದ, ಅದನ್ನು ತಡೆಯಲು ಬೆಳಿಗ್ಗೆ 3ನೆಯ ಪಿನ್‌ಗೆ ಸರಣಿಯಲ್ಲಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದ್ದೆ. ಮತ್ತೊಮ್ಮೆ ಪರೀಕ್ಷಿಸಲಿಲ್ಲ.

ಸ್ವಿಚ್ ಹಾಕಿದಾಗ ಆಸಿಲೋಸ್ಕೋಪ್‌ನಲ್ಲಿ ಸೈನ್ ತರಂಗ ಕಾಣಿಸಿತು. ಒಂದು ಸೆಕೆಂಡಿನಲ್ಲಿ ಅದು ಕೆಳಗೆ ಜಾರಿ ಚಪ್ಪಟೆ ಗೆರೆಯಾಯಿತು. ಔಟ್‌ಪುಟ್ ಸುಮಾರು −7.5 ವೋಲ್ಟ್. ‘ಐಸಿ ಹಾಳಾಗಿದೆ’ ಎಂದು ಹೇಳಿ ಬದಲಾಯಿಸಿದೆ. ಹೊಸದೂ ಹಾಗೆಯೇ. ಇನ್‌ಪುಟ್ ಬರುತ್ತಿದೆಯೇ ಎಂದು ನೋಡಲು 3ನೆಯ ಪಿನ್‌ಗೆ ಪ್ರೋಬ್ ತಾಗಿಸಿದರೆ ತರಂಗ ಮರಳಿ ಬಂತು. ತೆಗೆದರೆ ಮತ್ತೆ ಜಾರಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: ‘ಸರ್, ಕರೆಂಟ್ ಸೊನ್ನೆ ಅಂದಿರಲ್ಲ, ಮತ್ತೆ ನಿಧಾನವಾಗಿ ಕೆಳಗೆ ಇಳಿದಿದ್ದು ಯಾಕೆ?’ ನಾಳೆ ಹೇಳುತ್ತೇನೆ ಎಂದೆ. ಮೇಲ್ವಿಚಾರಕರು ವೀಕ್ಷಣಾ ಹಾಳೆಯಲ್ಲಿ ಒಂದೇ ಸಾಲು ಬರೆದಿದ್ದರು: ‘ಐಸಿ ಹಾಳಾಗಿದೆ ಎಂದು ನಿಮಗೆ ಹೇಗೆ ಗೊತ್ತಾಯಿತು?’ ಪ್ರಾತ್ಯಕ್ಷಿಕೆ ಕೆಟ್ಟದ್ದಕ್ಕಿಂತ ಈ ಪ್ರಶ್ನೆಯೇ ನನಗೆ ಹೆಚ್ಚು ಚುಚ್ಚಿತು. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳಿದ್ದೆ.

ರಾತ್ರಿ ಡೇಟಾಶೀಟ್ ತೆರೆದೆ. 741ರ ಇನ್‌ಪುಟ್ ಬಯಾಸ್ ಕರೆಂಟ್ ಸಾಮಾನ್ಯವಾಗಿ 80 ನ್ಯಾನೋಆಂಪಿಯರ್. ಅದರ ಇನ್‌ಪುಟ್‌ನಲ್ಲಿರುವುದು ಎನ್‌ಪಿಎನ್ ಟ್ರಾನ್ಸಿಸ್ಟರ್‌ಗಳು. ಅವುಗಳ ಬೇಸ್‌ಗೆ ಈ ಕರೆಂಟ್ ಹರಿಯಲೇಬೇಕು. ನನ್ನ ಸರ್ಕ್ಯೂಟ್‌ನಲ್ಲಿ ಅದಕ್ಕೆ ಇದ್ದ ಒಂದೇ ದಾರಿ ಕೆಪಾಸಿಟರ್. ಕರೆಂಟನ್ನು ಕೆಪಾಸಿಟೆನ್ಸ್‌ನಿಂದ ಭಾಗಿಸಿದರೆ ಸೆಕೆಂಡಿಗೆ 0.8 ವೋಲ್ಟ್. ಪಿನ್ 0.7 ವೋಲ್ಟ್‌ನಷ್ಟು ಋಣದ ಕಡೆಗೆ ಜಾರಿದರೆ ಸಾಕು, ಗೇನ್ 11 ಇರುವುದರಿಂದ ಔಟ್‌ಪುಟ್ ತಳ ಮುಟ್ಟುತ್ತದೆ. ಅದೇ ಒಂದು ಸೆಕೆಂಡು! ಪ್ರೋಬ್‌ನ ಒಳಗಿನ 1 ಮೆಗಾಓಮ್, ಬಯಾಸ್ ಕರೆಂಟ್‌ಗೆ ತಾತ್ಕಾಲಿಕ ದಾರಿ ಮಾಡಿಕೊಟ್ಟಿತ್ತು.

ಮರುದಿನ ‘= 0’ ಅಳಿಸಿ ‘80 ನ್ಯಾನೋಆಂಪಿಯರ್’ ಎಂದು ಬರೆದೆ. ನಿನ್ನೆ ಐಸಿ ಸರಿಯಾಗಿಯೇ ಇತ್ತು, ತಪ್ಪು ನನ್ನದು ಎಂದೂ ಹೇಳಿದೆ. 3ನೆಯ ಪಿನ್‌ನಿಂದ ಗ್ರೌಂಡ್‌ಗೆ ಒಂದು ರೆಸಿಸ್ಟರ್ ಬೇಕು, ಎಷ್ಟರದ್ದು? ಮೂರು ತಂಡಗಳಿಗೆ 10 ಕಿಲೋಓಮ್, 100 ಕಿಲೋಓಮ್, 1 ಮೆಗಾಓಮ್ ಕೊಟ್ಟು ಔಟ್‌ಪುಟ್‌ನ ಡಿಸಿ ಅಳೆಯಲು ಹೇಳಿದೆ. 1 ಮೆಗಾಓಮ್‌ಗೆ ಲೆಕ್ಕದ ಪ್ರಕಾರ ಸುಮಾರು −0.9 ವೋಲ್ಟ್, 100 ಕಿಲೋಓಮ್‌ಗೆ ಅದರ ಹತ್ತನೆಯ ಒಂದು ಪಾಲು. ಹಾಗಾದರೆ 10 ಕಿಲೋಓಮ್ ಎಲ್ಲಕ್ಕಿಂತ ಒಳ್ಳೆಯದಲ್ಲವೇ ಎಂದು ಆ ತಂಡ ಹಿಗ್ಗಿತು. ಆವೃತ್ತಿಯನ್ನು 100 ಹರ್ಟ್ಸ್‌ಗೆ ಇಳಿಸಿ ನೋಡಿ ಎಂದೆ. ಅವರ ತರಂಗ ಅರ್ಧದಷ್ಟಾಯಿತು, ಏಕೆಂದರೆ 10 ಕಿಲೋಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸೇರಿದರೆ ಕಟ್-ಆಫ್ 159 ಹರ್ಟ್ಸ್. 100 ಕಿಲೋಓಮ್‌ಗೆ ಅದು 16 ಹರ್ಟ್ಸ್. ಚರ್ಚೆಯ ನಂತರ ತರಗತಿಯೇ 100 ಕಿಲೋಓಮ್ ಆರಿಸಿತು. 80 ಎನ್ನುವುದು ಸಾಮಾನ್ಯ ಬೆಲೆ, ಗರಿಷ್ಠ ಬೆಲೆ 500. ವಿನ್ಯಾಸ ಮಾಡುವವರು ಗರಿಷ್ಠವನ್ನೇ ಹಿಡಿಯಬೇಕು ಎಂಬುದನ್ನು ಇಲ್ಲಿಯೇ ಸೇರಿಸಿದೆ. 500ಕ್ಕೆ 1 ಮೆಗಾಓಮ್‌ನಲ್ಲಿ ಎಷ್ಟಾಗುತ್ತದೆಂದು ಅವರೇ ಗುಣಿಸಿ ನಕ್ಕರು.

ಸ್ಲ್ಯೂ ರೇಟ್ ಬಗ್ಗೆ ಐದೇ ನಿಮಿಷ: ಮೈಕ್ರೋಸೆಕೆಂಡಿಗೆ 0.5 ವೋಲ್ಟ್ ಇರುವ 741, 10 ವೋಲ್ಟ್ ಆಂಪ್ಲಿಟ್ಯೂಡ್‌ನ ಸೈನ್ ತರಂಗವನ್ನು ಸುಮಾರು 8 ಕಿಲೋಹರ್ಟ್ಸ್ ದಾಟಿದರೆ ತ್ರಿಕೋನವಾಗಿಸಲು ತೊಡಗುತ್ತದೆ. ಆಫ್‌ಸೆಟ್ ವೋಲ್ಟೇಜ್ ಉಳಿದುಹೋಯಿತು. ಪಠ್ಯ ಮುಗಿಸುವ ಅವಸರವಿರುವ ಸಹಪಾಠಿಗಳಿಗೆ ಹೇಳುವುದಾದರೆ, ಆದರ್ಶ ಗುಣಗಳ ಪಟ್ಟಿಯನ್ನು ನಾನೂ ಬಿಟ್ಟಿಲ್ಲ. ಪರೀಕ್ಷೆಗೆ ಅದು ಬೇಕು. ಪಕ್ಕದಲ್ಲಿ ಡೇಟಾಶೀಟ್‌ನ ಅಂಕಿ ಬರೆಯಲು ಇನ್ನೊಂದು ಕಾಲಂ ಹಾಕಿದ್ದೇನೆ, ಅಷ್ಟೇ.

ಗಂಟೆ ಹೊಡೆಯುವ ಮುನ್ನ ಅದೇ ಹುಡುಗಿ, ಬಯಾಸ್ ಕರೆಂಟ್ ಇನ್ನೂ ಕಡಿಮೆ ಇರುವ ಐಸಿ ಹಾಕಿದರೆ ರೆಸಿಸ್ಟರ್ ಬೇಡವೇ ಎಂದು ಕೇಳಿದಳು. ಫೆಟ್ ಇನ್‌ಪುಟ್ ಇರುವ ಟಿಎಲ್071ಕ್ಕೆ 65 ಪಿಕೋಆಂಪಿಯರ್ ಎಂದು ಹಿಡಿದು, 0.7 ವೋಲ್ಟ್ ಜಾರಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿ ತರಲು ಎಲ್ಲರಿಗೂ ಹೇಳಿದೆ. ಹದಿನೆಂಟು ನಿಮಿಷ ಬರುತ್ತದೆ. ಪಾಠದ ಕೊನೆಯ ಹತ್ತು ನಿಮಿಷದಲ್ಲಿ ಪ್ರಾತ್ಯಕ್ಷಿಕೆ ತೋರಿಸುವವರಿಗೆ ಆ ದೋಷ ಕಾಣಿಸುವುದೇ ಇಲ್ಲ.